ಮುಕಾಶ್ ಬರೆದ ವಿವರಣೆ ಪತ್ರ

ಸೋಮವಾರ ಬೆಳಿಗ್ಗೆ ಎಸೆನ್ ನದಿಯ ನೀರು ಅಳೆಯುವ ತನ್ನ ಕಚೇರಿಗೆ ಬಂದಾಗ ಮುಕಾಶ್ ಬಾಯ್ಕೆ, ಅಂದರೆ ಮುಕಾಶಣ್ಣ, ಕಂಪ್ಯೂಟರಿನ ಮುಂದೆ ಟೋಪಿ ತೆಗೆದು ಕೂತಿದ್ದರು. ಆರು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಅವರ ಬೋಳುತಲೆಯನ್ನು ಎಸೆನ್ ನೋಡಿದ್ದು ಅದೇ ಮೊದಲು.

"ಬಂದ್ಯಾ ತಮ್ಮಾ? ನಾನು ಇದನ್ನ ಕೊಂದ್ಬಿಟ್ಟೆ ಕಣೋ," ಎಂದರು.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಎರಡು ಸಾಲುಗಳಿದ್ದವು. ಅಂಥ ಪಾರ್ಟಿಷನ್ ಇಲ್ಲ ಎನ್ನುತ್ತಿತ್ತು ಮೊದಲನೆಯದು. ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಎಂದಿತ್ತು, ಪಕ್ಕದಲ್ಲಿ ಮುಂದೇನು ಮಾಡಲಿ ಎಂದು ಕೇಳುವ ಹಾಗೆ ಒಂದು ಗೆರೆ ಮಿನುಗುತ್ತಿತ್ತು.

"ಶನಿವಾರ ಕರೆಂಟ್ ಹೋಯ್ತು. ಬಂದ್ಮೇಲೆ ನಾನೇ ಗುಂಡಿ ಒತ್ತಿದೆ. ಬೆಳಗಿನ ನೀರಿನ ಮಟ್ಟ ಹಾಕ್ಬೇಕಿತ್ತಲ್ಲ. ಒತ್ತಿದ್ದೇ ತಡ, ಹೀಗೆ ಬಂದು ಕೂತಿದೆ. ನಿನ್ನೆನೂ ಬಂದು ನೋಡಿದೆ, ಇದೇ ಮಾತು. ಏನಂತಿದೆ ಇದು?"

ಎಸೆನ್‌ಗೆ ಮೊದಲ ಸಾಲು ಓದುವಷ್ಟರಲ್ಲೇ ಎಲ್ಲ ಗೊತ್ತಾಗಿತ್ತು. 

"ಡಿಸ್ಕಿನ ಒಂದು ಪಾಲು ಸಿಗ್ತಾ ಇಲ್ಲ ಅಂತಿದೆ."

"ಗುಂಡಿ ಒತ್ತಿದ್ರೆ ಅದು ಎಲ್ಲಿಗೆ ಹೋಗುತ್ತೆ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. "ನೋಡ್ತೀನಿ ಬಾಯ್ಕೆ," ಎಂದ ಎಸೆನ್.

ನಡೆದದ್ದು ಶುಕ್ರವಾರ. ಎಲ್ಲರೂ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಮೇಲಧಿಕಾರಿ ರಾಯ್ಕಾನ್ ಎಜೆಯ ತಮ್ಮ ಜಪಾರ್, ತನ್ನ ಮಗನ ಮದುವೆಯ ದೊಡ್ಡ ಔತಣ, ತೋಯ್, ಮುಗಿಸಿ, ಉಳಿದ ಬೋರ್ಸೋಕು ಎಂಬ ಕರಿದ ಹಿಟ್ಟಿನ ತಿಂಡಿ, ಕುದುರೆ ಮಾಂಸ ಹೊತ್ತುಕೊಂಡು ಅಕ್ಕನ ಕಚೇರಿಗೆ ಬಂದಿದ್ದ. ಜೇಬಿನಲ್ಲಿ ಒಂದು ಡಿಸ್ಕು. ಅದರಲ್ಲಿ ತೋಯಿಯ ವಿಡಿಯೋ. ಡಿಸ್ಕನ್ನು ಸಂಜೆಯೊಳಗೆ ವಿಡಿಯೋದವನಿಗೆ ವಾಪಸ್ ಕೊಡಬೇಕು, ಅಷ್ಟರಲ್ಲಿ ಇದನ್ನು ನಿಮ್ಮ ಯಂತ್ರಕ್ಕೆ ನಕಲು ಮಾಡಿ ಇಟ್ಟುಕೊಳ್ಳಿ ಎಂದ. ಯಂತ್ರದಲ್ಲಿ ಜಾಗ ಇರಲಿಲ್ಲ.

"ಜಾಗ ಇಲ್ವಂತೆ! ಸಾವಿರ ಜನ ಉಂಡೆದ್ದು ಹೋದ ತೋಯ್ಗೆ ನಿಮ್ಮ ಪೆಟ್ಟಿಗೆಯಲ್ಲಿ ಜಾಗ ಇಲ್ವಂತೆ!" ಎಂದು ಜಪಾರ್ ನಕ್ಕಿದ್ದ.

"ನಮ್ಮ ಎಸೆನ್ ಇದ್ದಾನಲ್ಲ. ಅವನಿಗೆ ಕಲ್ಲು ಕೊಟ್ರೂ ಕಂಪ್ಯೂಟರ್ ಮಾಡ್ತಾನೆ," ಎಂದಿದ್ದರು ರಾಯ್ಕಾನ್ ಎಜೆ.

ಎಲ್ಲರ ಮುಂದೆ ಹಾಗೆ ಹೇಳಿಸಿಕೊಂಡ ಮೇಲೆ, ಅದರಲ್ಲೂ ವಯಸ್ಸಿನಲ್ಲಿ ಹಿರಿಯನಾದ ಅತಿಥಿಗೆ, ಆಗುವುದಿಲ್ಲ ಎನ್ನುವುದು ಉಯಾತ್. ನಾರಿನ್ ಊರಲ್ಲಿ ಮಕ್ಕಳು ಅಮ್ಮ ಅನ್ನುವುದರ ಬೆನ್ನಿಗೇ ಕಲಿಯುವ ಮಾತು ಅದು. ನಾಚಿಕೆಗೇಡು, ನಾಲ್ಕು ಜನ ಏನೆಂದಾರು ಎಂಬ ಭಯ, ಎರಡೂ ಅದರಲ್ಲೇ ಬಂತು.

ಆ ಯಂತ್ರದಲ್ಲಿ ಎರಡು ಸಂಸಾರಗಳಿದ್ದವು. ತಿಂಗಳ ವರದಿ ಬರೆಯುವುದು ವಿಂಡೋಸಿನಲ್ಲಿ. ನದಿಯ ನೀರಿನ ಮಟ್ಟ, ಹರಿವು, ಹಿಮ ಕರಗಿದ ಲೆಕ್ಕ ಎಲ್ಲ ಇರುವುದು ಲಿನಕ್ಸಿನಲ್ಲಿ. ವಿಂಡೋಸಿನಿಂದ ನೋಡಿದರೆ ಲಿನಕ್ಸಿನ ಪಾಲಿಗೆ ಹೆಸರೂ ಇರುವುದಿಲ್ಲ, ಒಳಗೇನಿದೆ ಎಂದು ಕಾಣುವುದೂ ಇಲ್ಲ. ಅಂಥ ಹೆಸರಿಲ್ಲದ ಪಾಲುಗಳು ಎರಡಿದ್ದವು. ಒಂದು ಎಸೆನ್‌ಗಿಂತ ಮುಂಚೆ ಇದ್ದವನು ಹಾಕಿ, ಬಳಸದೆ ಬಿಟ್ಟಿದ್ದ ಹಳೆಯ ಲಿನಕ್ಸು. ಇನ್ನೊಂದು ಜೀವಂತ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಯಾವುದು ಯಾವುದೆಂದು ತಿಳಿಯಲು ಯಂತ್ರವನ್ನು ನಿಲ್ಲಿಸಿ ಲಿನಕ್ಸಿನಲ್ಲಿ ಎಬ್ಬಿಸಿ ನೋಡಬೇಕಿತ್ತು. ಹತ್ತು ನಿಮಿಷದ ಕೆಲಸ. ಆದರೆ ಜಪಾರ್ ಚಹಾದ ಬಟ್ಟಲು ಹಿಡಿದು ಹಿಂದೆಯೇ ನಿಂತಿದ್ದ. ಕಲ್ಲನ್ನು ಕಂಪ್ಯೂಟರ್ ಮಾಡುವವನು ತಡಿ, ನೋಡಿ ಹೇಳ್ತೀನಿ ಎನ್ನುವುದು ಹೇಗೆ? ಮೊದಲನೆಯದೇ ಹಳೆಯದಿರಬೇಕು ಎಂದುಕೊಂಡು ಎಸೆನ್ ಅದನ್ನು ಅಳಿಸಿದ, ಆ ಜಾಗವನ್ನು ಹೊಸದಾಗಿ ಸಿದ್ಧಮಾಡಿ ತೋಯನ್ನು ತುಂಬಿದ. ಜಪಾರ್ ಬೆನ್ನು ತಟ್ಟಿದ. ವಿಂಡೋಸು ಏನೂ ಆಗದ ಹಾಗೆ ಓಡುತ್ತಿತ್ತು.

ಶನಿವಾರ ಕರೆಂಟು ಹೋಗಿ ಬಂದಾಗ ಯಂತ್ರ ಏಳಲು ನೋಡಿತು. ಮೊದಲು ಕಣ್ಣು ಬಿಡುವ ಪುಟ್ಟ ಪ್ರೋಗ್ರಾಮಿನ ಉಳಿದರ್ಧ ಇದ್ದದ್ದು ಅದೇ ಅಳಿಸಿದ ಪಾಲಿನಲ್ಲಿ. ಹುಡುಕಿತು, ಸಿಗಲಿಲ್ಲ. ಆಗ ಗುಂಡಿಯ ಮೇಲೆ ಇದ್ದದ್ದು ಮುಕಾಶ್ ಬಾಯ್ಕೆಯ ಬೆರಳು.

ಸೋಮವಾರ ಹತ್ತು ಗಂಟೆಗೆ ರಾಯ್ಕಾನ್ ಎಜೆ ಬಂದರು.

"ಯಾರು ಮುಟ್ಟಿದ್ದು ಇದನ್ನ?"

"ನಾನು," ಎಂದರು ಮುಕಾಶ್.

"ಕರೆಂಟ್ ಹೋದ್ರೆ ಎಸೆನ್‌ಗೆ ಫೋನ್ ಮಾಡಿ ಅಂತ ಎಷ್ಟು ಸಲ ಹೇಳಿದೀನಿ? ಮೇ ತಿಂಗಳಲ್ಲಿ ನಿಮ್ಮ ಕೆಲಸ ಇನ್ನೊಂದು ವರ್ಷ ಮುಂದುವರಿಸಿ ಅಂತ ನಾನು ಬಿಷ್ಕೆಕ್ಕಿನ ಕೇಂದ್ರ ಕಚೇರಿಗೆ ಬರೀಬೇಕು. ಈಗ ಏನಂತ ಬರೀಲಿ? ಒಂದು ವಿವರಣೆ ಪತ್ರ ಬರ್ಕೊಡಿ."

ಮುಕಾಶ್‌ಗೆ ಅರವತ್ತಮೂರು. ಮೂವತ್ತೊಂದು ವರ್ಷದಿಂದ ದಿನಕ್ಕೆರಡು ಸಲ ನದಿಗಿಳಿದು ಮಟ್ಟದ ಕಂಬ ನೋಡಿದವರು. ವರ್ಷವರ್ಷಕ್ಕೂ ಕೆಲಸವನ್ನು ಮುಂದುವರಿಸಿಕೊಂಡು ಉಳಿದಿದ್ದರು. ತಪ್ಪೊಪ್ಪಿಗೆಯ ವಿವರಣೆ ಪತ್ರ ಫೈಲಿಗೆ ಸೇರಿದವರ ಕೆಲಸ ಮುಂದುವರಿಯುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಸೆನ್‌ಗೂ ಗೊತ್ತಿತ್ತು. ಅವನು ತಂತಿ ಸರಿಮಾಡುವವನ ಹಾಗೆ ಮೇಜಿನ ಕೆಳಗೆ ಬಗ್ಗಿದ.

ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದ. ಮೂಲ ಡಿಸ್ಕನ್ನು ಮುಟ್ಟುವ ಮೊದಲು, ಇದ್ದದ್ದು ಇದ್ದ ಹಾಗೇ ಇನ್ನೊಂದಕ್ಕೆ ಪೂರ್ತಿ ನಕಲು ಮಾಡಿಕೊಂಡ. ಪಾಲು ಅಳಿಸುವುದು ಹೊಲದ ಬದು ಕಿತ್ತ ಹಾಗೆ. ಬದು ಹೋದರೂ ಹೊಲ ಅಲ್ಲೇ ಇರುತ್ತದೆ. ಗುರುತು ಹಿಡಿದು ಮತ್ತೆ ಬದು ಹಾಕಿದರೆ ಬೆಳೆ ಸಿಗುತ್ತದೆ. ಆದರೆ ಇವನು ಬದು ಕಿತ್ತು ಸುಮ್ಮನಿರದೆ ಆ ಹೊಲದಲ್ಲಿ ತೋಯಿಯ ಕುದುರೆಗಳನ್ನು ಓಡಿಸಿದ್ದ. ಎಷ್ಟು ತುಳಿದಿವೆಯೋ ನೋಡಬೇಕಿತ್ತು.

ಮಂಗಳವಾರ ನಕಲು ಇನ್ನೂ ನಡೆಯುತ್ತಿದ್ದಾಗ ಮುಕಾಶ್ ಬಾಯ್ಕೆ ಒಂದು ಬಿಳಿ ಹಾಳೆ, ಪೆನ್ನು ಹಿಡಿದು ಪಕ್ಕದಲ್ಲಿ ಬಂದು ಕೂತರು. ಹೆಂಡತಿ ಕೊಟ್ಟ ರೊಟ್ಟಿ, ಕೆನೆಯ ಡಬ್ಬಿಯನ್ನು ಎಸೆನ್‌ನ ಕಡೆ ತಳ್ಳಿದರು.

"ತಿನ್ನು. ಎರಡು ದಿನದಿಂದ ನನ್ನಿಂದಾಗಿ ಒದ್ದಾಡ್ತಿದೀಯ."

ಎಸೆನ್ ಒಂದು ತುಂಡು ಮುರಿದು ಬಾಯಿಗಿಟ್ಟ. 

"ಪತ್ರ ರಷ್ಯನ್ನಲ್ಲೇ ಬರೀಬೇಕಲ್ಲ, ನನ್ನ ರಷ್ಯನ್ ನದಿಗೆ ಸಾಕು, ಕಂಪ್ಯೂಟರ್ಗೆ ಸಾಲ್ದು. ನೀನು ಹೇಳ್ಕೊಡು, ನಾನು ಬರೀತೀನಿ. ನಾನು ಮಾಡಿದ್ದಕ್ಕೆ ಏನಂತಾರೆ?"

ಎಸೆನ್ ಕಿಟಕಿಯ ಕಡೆ ನೋಡಿದ. "ಏಪ್ರಿಲ್ ಹನ್ನೊಂದರಂದು, ವಿದ್ಯುತ್ ನಿಂತುಹೋದ ನಂತರ, ಸೂಚನೆಗಳನ್ನು ಪಾಲಿಸದೆ..."

"ಪಾಲಿಸದೆ ಅಂತಾನೇ ಹಾಕ್ಬೇಕಾ?"

"ಹಾಗೇ ಬರೀತಾರೆ ಬಾಯ್ಕೆ."

"ಯಾವ ಸೂಚನೆ ಅದು?"

"ಗೋಡೆ ಮೇಲಿರೋದು."

ಮುಕಾಶ್ ತಿರುಗಿ ನೋಡಿದರು. "ಅದು ಬೆಂಕಿ ಬಿದ್ರೆ ಏನ್ ಮಾಡ್ಬೇಕು ಅನ್ನೋದಲ್ವೇನೋ?" ಎಂದು ನಕ್ಕರು. ನಕ್ಕು, ಬರೆದರು. "ಮುಂದೆ?"

"...ಯಂತ್ರವನ್ನು ತಪ್ಪಾಗಿ ಚಾಲನೆ ಮಾಡಿದ ಕಾರಣ ಡಿಸ್ಕಿನ ವಿಭಾಗಗಳ ಪಟ್ಟಿಗೆ ಹಾನಿಯಾಯಿತು."

"ವಿಭಾಗಗಳ ಪಟ್ಟಿ. ನಾನು ಇಂಥಾ ದೊಡ್ಡ ವಸ್ತು ಹಾಳು ಮಾಡ್ಬಲ್ಲೆ ಅಂತ ನನಗೇ ಗೊತ್ತಿರ್ಲಿಲ್ಲ."

ದುಂಡಗಿನ ಅಕ್ಷರಗಳಲ್ಲಿ ಬರೆದು, ಸಹಿ ಹಾಕಿ, ಊದಿ ಒಣಗಿಸಿ, ಎರಡೂ ಕೈಯಿಂದ ಎಸೆನ್‌ನ ಕೈ ಹಿಡಿದು, "ನೂರು ಕಾಲ ಬದುಕು ತಮ್ಮಾ," ಎಂದರು. ಎಸೆನ್ ಹೊರಗೆ ಹೋಗಿ ಗೋಡೆಗೆ ಮುಖಮಾಡಿ ನಿಂತು ಸಿಗರೇಟು ಸೇದಿದ. ಬಿಟ್ಟು ಎರಡು ವರ್ಷವಾಗಿತ್ತು.

ಬುಧವಾರ ಮಧ್ಯಾಹ್ನ ಕಳೆದ ಪಾಲಿನ ಗಡಿ ಸಿಕ್ಕಿತು. ಅದನ್ನು ಮತ್ತೆ ಪಟ್ಟಿಗೆ ಬರೆದ. ಒಡೆದ ಫೈಲುಗಳನ್ನು ಜೋಡಿಸುವ ಆಜ್ಞೆ ಕೊಟ್ಟು ಮೂರು ಗಂಟೆ ಕಾದ. ಕೊನೆಗೆ ಮೊದಲು ಕಣ್ಣು ಬಿಡುವ ಆ ಬೂಟ್ ಲೋಡರನ್ನು ಹೊಸದಾಗಿ ಹಾಕಿ ಯಂತ್ರ ಎಬ್ಬಿಸಿದ. ಎದ್ದಿತು. ಹತ್ತು ವರ್ಷದ ನದಿ ಬಂತು, ಹೋದ ವರ್ಷದ ಏಳು ತಿಂಗಳು ಬಿಟ್ಟು. ಅಲ್ಲೆಲ್ಲ ತೋಯ್ ಕೂತಿತ್ತು.

ಗುರುವಾರದ ಚಹಾಕ್ಕೆ ರಾಯ್ಕಾನ್ ಎಜೆ ಮನೆಯಿಂದ ಜಾಮು ತಂದಿದ್ದರು. ದಫ್ತರು ನೋಡಿಕೊಳ್ಳುವ ಬುರುಲ್ ಚಹಾ ಹಾಕುತ್ತಿದ್ದಳು.

"ಏಳು ತಿಂಗಳು ಹೋದ್ರೂ ಹತ್ತು ವರ್ಷ ಉಳೀತು. ಎಸೆನ್ ಇಲ್ದಿದ್ರೆ ನಾವೆಲ್ಲ ಕುರಿ ಕಾಯೋಕೆ ಹೋಗ್ಬೇಕಿತ್ತು," ಎಂದರು ಎಜೆ.

"ಕುರಿನೂ ನಿಮ್ಮ ಮಾತು ಕೇಳ್ತಿರ್ಲಿಲ್ಲ ಬಿಡಿ," ಎಂದಳು ಬುರುಲ್.

"ಎಜೆ," ಎಂದ ಎಸೆನ್. ಧ್ವನಿ ಅವನಿಗೇ ಬೇರೆಯಾಗಿ ಕೇಳಿಸಿತು. "ಅದು ಮುಕಾಶ್ ಬಾಯ್ಕೆ ಮಾಡಿದ್ದಲ್ಲ. ನಾನು ಮಾಡಿದ್ದು."

 ಬುರುಲ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನೋಡಿ, ಒಳ್ಳೆ ತಾಯಿ ಹೆತ್ತ ಮಗ ಅಂದ್ರೆ ಇದು."

"ದೊಡ್ಡವರ ತಪ್ಪನ್ನ ಚಿಕ್ಕವರು ಮೈಮೇಲೆ ಎಳ್ಕೊಳ್ಳೋದು ನಮ್ಮ ಅಜ್ಜಂದಿರ ಕಾಲಕ್ಕೇ ಮುಗೀತು ಅಂದ್ಕೊಂಡಿದ್ದೆ," ಎಂದರು ರಾಯ್ಕಾನ್ ಎಜೆ. ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು.

"ಅಲ್ಲ ಎಜೆ, ನಿಜವಾಗ್ಲೂ ನಾನೇ..."

ಮುಕಾಶ್ ಅವನ ಹೆಗಲ ಮೇಲೆ ಕೈಯಿಟ್ಟರು. "ಬೇಡ ತಮ್ಮಾ. ನನ್ನ ಹೊರೆ ನಾನೇ ಹೊರ್ತೀನಿ. ನೀನು ಹಾಗಂದೆಯಲ್ಲ, ಅಷ್ಟು ಸಾಕು."

ಎಸೆನ್ ಬಾಯಿ ಮುಚ್ಚಿದ. ಹೇಳಿಯಾಯಿತು, ಅವರೇ ನಂಬಲಿಲ್ಲ, ಇನ್ನು ತನ್ನ ತಪ್ಪಿಲ್ಲ ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಮೈ ಹಗುರವಾಯಿತು. ಆ ಹಗುರವೇ ಅವನಿಗೆ ಹೇಸಿಗೆ ತಂದಿತು. ನಾಲ್ಕು ದಿನ ತಾನು ಬರೀ ಹೇಡಿಯಾಗಿದ್ದೆ, ಈಗ ಅದರ ಮೇಲೆ ಪುಣ್ಯವಂತನೂ ಆದೆ ಎನಿಸಿತು.

"ಬುರುಲ್, ಆ ಪತ್ರ ಲಕೋಟೆಗೆ ಹಾಕು," ಎಂದರು ಎಜೆ. "ನಾಲ್ಕು ಗಂಟೆ ಗಾಡೀಲಿ ಬಿಷ್ಕೆಕ್ಕಿಗೆ ಹೋಗ್ಲಿ."

ಎಸೆನ್ ಎದ್ದು ಯಂತ್ರದ ಹತ್ತಿರ ಹೋದ. ರಿಪೇರಿಗೆ ಮುಂಚೆ ಮಾಡಿಟ್ಟ ನಕಲಿನ ಡಿಸ್ಕನ್ನು ಚುಚ್ಚಿದ. ತೆರೆದ. ಧ್ವನಿ ಕಡಿಮೆ ಮಾಡುವುದು ಮರೆತುಹೋಯಿತು. ಇಡೀ ಕಚೇರಿಗೆ ತೋಯಿಯ ಹಾಡು ಅಪ್ಪಳಿಸಿತು. ಪರದೆಯಲ್ಲಿ ಜಪಾರ್ ಎತ್ತರದ ಬಿಳಿ ಟೋಪಿ ಹಾಕಿಕೊಂಡು, ಎರಡೂ ಕೈ ಮೇಲೆತ್ತಿ, ಸೊಸೆಯ ಮುಂದೆ ಕುಣಿಯುತ್ತಿದ್ದ.

"ನಂಬ್ಬೇಡಿ ನನ್ನ ಮಾತು. ಇಲ್ಲಿ ನೋಡಿ. ಇದು ಯಂತ್ರಕ್ಕೆ ಬಂದಿದ್ದು ಶುಕ್ರವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ. ಇದನ್ನ ಇಡೋಕೆ ನಾನು ನದಿ ಇದ್ದ ಪಾಲನ್ನ ಅಳಿಸ್ದೆ. ಯಾವುದು ಹಳೇದು ಅಂತ ನೋಡ್ಲಿಲ್ಲ. ಕರೆಂಟ್ ಹೋಗಿದ್ದು ಶನಿವಾರ. ಬಾಯ್ಕೆ ಗುಂಡಿ ಒತ್ತೋಕೆ ಮುಂಚೇನೇ ಎಲ್ಲ ಮುಗಿದಿತ್ತು."

"ಅದನ್ನ ನಿಲ್ಸು," ಎಂದರು ರಾಯ್ಕಾನ್ ಎಜೆ.

ನಿಲ್ಲಿಸಿದ. ಜಪಾರ್ ಕೈ ಎತ್ತಿದಲ್ಲೇ ನಿಂತ.

"ಸೋಮವಾರ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನ ತಮ್ಮ ಕೇಳಿದ್ದಕ್ಕೆ ಮಾಡ್ದೆ ಅಂತ ಊರಿಗೆಲ್ಲ ಹೇಳ್ತೀಯಾ ಈಗ?"

"ಇಲ್ಲ ಎಜೆ. ಆಗಲ್ಲ ಅನ್ನೋದು ನನ್ನ ಕೆಲಸವಾಗಿತ್ತು."

ಎಜೆ ಒಂದು ಹಾಳೆ ಎಳೆದು ಮೇಜಿನ ಮೇಲೆ ಒಗೆದರು. "ಬರಿ. ಜಪಾರ್ ಹೆಸರು ಬರ್ಬಾರ್ದು." ಬಟ್ಟಲು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಬುರುಲ್ ಜಾಮಿನ ಸೀಸೆಯ ಮುಚ್ಚಳ ತಿರುಗಿಸಿದಳು. ಎಸೆನ್‌ನ ಕಡೆ ನೋಡಲಿಲ್ಲ.

ಎಸೆನ್ ಬರೆದ. ದಿನ, ಗಂಟೆ, ಅಳಿಸಿದ ಪಾಲಿನ ಗಾತ್ರ, ಪರೀಕ್ಷಿಸದೆ ಅಳಿಸಿದ್ದು, ಹೋದ ತಿಂಗಳುಗಳ ಹೆಸರು. ಸ್ವಂತ ವಿಷಯಕ್ಕೆ ಯಂತ್ರ ಬಳಸಿದೆ ಎಂದು ಹಾಕಿದ. ಮುಕಾಶ್ ಅವರ ತಪ್ಪು ಯಾವುದೂ ಇಲ್ಲ ಎಂದು ಹಾಕಿದ. ಸಹಿ ಮಾಡಿದ.

ಅಷ್ಟು ಹೊತ್ತೂ ಮುಕಾಶ್ ಅಲ್ಲೇ ಕೂತಿದ್ದರು. ಬಯ್ಯಬಹುದು ಎಂದು ಎಸೆನ್ ಕಾದಿದ್ದ. ಬಯ್ದರೆ ಒಳ್ಳೆಯದಿತ್ತು.

"ಕೊಡು ಇಲ್ಲಿ."

ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತ ಓದಿದರು. ತಿಳಿಯದ ರಷ್ಯನ್ ಪದ ಬಂದಲ್ಲಿ ಬೆರಳು ನಿಂತು ಮುಂದಕ್ಕೆ ಹೋಯಿತು. ಕೊನೆಯವರೆಗೂ ಓದಿ ಮತ್ತೆ ಮೊದಲಿನಿಂದ ಓದಿದರು.

"ಮಂಗಳವಾರ ಎಲ್ಲಿದೆ ಇದರಲ್ಲಿ?"

"ಮಂಗಳವಾರ...?"

"ನನ್ನ ಪಕ್ಕ ಕೂತು, ನನ್ನ ರೊಟ್ಟಿ ತಿಂದು, ನನ್ನ ಕೈಯಲ್ಲಿ ಬರೆಸಿದ್ಯಲ್ಲ. ಅದು ಎಲ್ಲಿದೆ?"

ಎಸೆನ್ ಪೆನ್ನನ್ನು ಮೇಜಿನ ಮೇಲಿಟ್ಟ.

"ಪಾಲು ಅಳಿಸಿದ್ದು ಕೈತಪ್ಪು. ಯಾರಿಗೂ ಆಗುತ್ತೆ, ನನಗೂ ಆಗುತ್ತೆ. ನಾನೇ ತಪ್ಪು ಅಂದ್ಕೊಂಡು ಎರಡು ರಾತ್ರಿ ಮಲಗಿಲ್ಲ. ಅದೂ ಹೋಗ್ಲಿ." ಹಾಳೆಯನ್ನು ಅವನ ಮುಂದಿಟ್ಟರು. "ಮಂಗಳವಾರದ್ದು ಕೈತಪ್ಪಲ್ಲ. ಬರಿ ಅದನ್ನ."

"ಬಾಯ್ಕೆ, ಅದು ಬಿಷ್ಕೆಕ್ಕಿನವರಿಗೆ..."

"ಅವರಿಗಲ್ಲ. ಬರಿ."

ಸಹಿಯ ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಎಸೆನ್ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದ. ಸತ್ಯ ಗೊತ್ತಿದ್ದೂ ಮುಕಾಶ್ ಅವರ ವಿವರಣೆ ಪತ್ರವನ್ನು ನಾನೇ ಹೇಳಿ ಬರೆಸಿದೆ. ನಾಲ್ಕು ಸಲ ಪೆನ್ನು ನಿಂತಿತು. ಮುಗಿಸಿ ಹಾಳೆಯನ್ನು ತಿರುಗಿಸಿ ಹಿಡಿದ.

ಮುಕಾಶ್ ಓದಿದರು. "ಸೂಚನೆ ಪಾಲಿಸದೆ ಅನ್ನೋ ಮಾತೂ ನಿನ್ನದೇ. ನಾನು ಕೇಳಿದ್ದೆ. ಅದನ್ನೂ ಹಾಕು."

ಹಾಕಿದ.

ಮುಕಾಶ್ ಟೋಪಿ ಇಟ್ಟುಕೊಂಡು, ಬುರುಲ್ ಸಿದ್ಧಮಾಡಿದ್ದ ಲಕೋಟೆಯಿಂದ ತಮ್ಮ ಹಾಳೆ ತೆಗೆದು ಅಂಗಿಯೊಳಗೆ ಸೇರಿಸಿಕೊಂಡರು. ಆ ಲಕೋಟೆಗೆ ಎಸೆನ್‌ನ ಹಾಳೆಯನ್ನು ತಾವೇ ಮಡಚಿ ಹಾಕಿ, ಗಾಡಿ ಹೊರಡುವ ಮೊದಲು ಕೊಡಬೇಕೆಂದು ಹೊರಗೆ ಹೋದರು.