ನೀಲವ್ವನ ಹದಿನಾಲ್ಕು ಸಾಲು

ನಾನು ಒಂದು ಕಡತ. ಗದಗದ ಡಿಟಿಪಿ ಅಂಗಡಿಯೊಂದರ ಕಂಪ್ಯೂಟರಿನಲ್ಲಿ ಹುಟ್ಟಿದೆ. ಫಕೀರವ್ವ ಎಂಬ ಮುದುಕಿ ಬೀಸುವ ಪದ ಹಾಡುವಳು, ಅಂಗಡಿಯ ಅಂಬಕ್ಕ ಟೈಪು ಮಾಡುವಳು. ಬೀಸುಕಲ್ಲು ತಿರುಗಿಸಿದಂತೆ ಗಾಳಿಯಲ್ಲಿ ಕೈ ಆಡಿಸಿದರೇ ಫಕೀರವ್ವನಿಗೆ ಪದ ಬರುತ್ತಿದ್ದವು. ನನಗೆ ಅಕ್ಷರ ಬಾರದು. ಆಗಿನ ಫಾಂಟಿನಲ್ಲಿ ಅಕ್ಷರದ ಒಂದೊಂದು ತುಂಡಿಗೂ ಒಂದೊಂದು ಅಂಕಿ; ಆ ಅಂಕಿಗಳೇ ನನ್ನ ಮೈ.

ಕೊನೆಯ ದಿನ ಆ ಕಂಪ್ಯೂಟರ್ ಕೆಟ್ಟಿತ್ತು. ಅಂಬಕ್ಕ ಪಕ್ಕದ ಕಂಪ್ಯೂಟರಿನಲ್ಲಿ, ಬೇರೆ ಫಾಂಟಿನಲ್ಲಿ, ಹದಿನಾಲ್ಕು ಸಾಲು ಟೈಪು ಮಾಡಿ ಆಮೇಲೆ ನನ್ನ ಬಾಲಕ್ಕೆ ಜೋಡಿಸಿದಳು. ಹೆರಿಗೆಯಲ್ಲಿ ಸತ್ತ ಮಗಳು ನೀಲವ್ವನ ಮೇಲೆ ಫಕೀರವ್ವ ಕಟ್ಟಿದ ಪದ ಅದು.

“ಬರಕೋ ಯವ್ವಾ. ಇನ್ ಮ್ಯಾಲ ಇದನ್ನ ನಾ ಹಾಡಂಗಿಲ್ಲ. ಎದಿ ತಡಿಯಂಗಿಲ್ಲ.”

ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್‌ಡ್ರೈವಿಗೆ ದಾಟಿದೆ. ಹದಿನೆಂಟು ವರ್ಷದ ಮೇಲೆ ಪುಸ್ತಕ ಮಾಡೋಣವೆಂದು ಅಂಬಕ್ಕ ತೆರೆದರೆ, ಹಳೆಯ ಫಾಂಟಿಲ್ಲದ ಹೊಸ ಯಂತ್ರದಲ್ಲಿ ನಾನು ಬರೀ ಸೊಟ್ಟ ಗುರುತುಗಳ ರಾಶಿ. ಸರಿಮಾಡಲು ಅವಳ ತಂಗಿಯ ಗಂಡ ಮೌನೇಶ ಬಂದ. ಒಳ್ಳೆಯವನೇ, ಅವಸರದವನು. ಕಪ್ಪು ಪರದೆಯಲ್ಲಿ ಸೆಡ್ ಎಂಬ ಆಜ್ಞೆ ಬರೆದ. ಅದು ಸಾಲುಸಾಲಾಗಿ ಓದುತ್ತ, ಈ ಗುರುತಿದ್ದಲ್ಲಿ ಈ ಅಕ್ಷರ ಎಂದು ಹೇಳಿದಂತೆ ಬದಲಿಸುತ್ತದೆ. ನನಗೆ ಎಲ್ಲ ಯಂತ್ರಗಳೂ ಓದಬಲ್ಲ ಯುನಿಕೋಡಿನ ಹೊಸ ಅಂಕಿಗಳು ಬಂದವು. ಪದಗಳು ಒಂದೊಂದಾಗಿ ಕಣ್ಣು ಬಿಟ್ಟವು. ನನಗೂ ಹಿಗ್ಗು.

ಬಾಲದ ಸಾಲುಗಳು ಮಾತ್ರ ಹಾಗೇ ಉಳಿದವು. ಯಾವ ಗುರುತಿಗೆ ಯಾವ ಅಕ್ಷರ ಎಂಬ ಅವನ ಪಟ್ಟಿ ಮೊದಲ ಫಾಂಟಿನದು; ಬಾಲದ್ದು ಬೇರೆ ಫಾಂಟು.

“ಅಕ್ಕಾರ, ಕಡೀಕ ಒಂದೀಟು ಕಸ ಐತ್ರಿ. ತಗೀಲೇನ್ರಿ?”

ಅಂಬಕ್ಕ ಯಾರದೋ ಲಗ್ನಪತ್ರಿಕೆ ತಿದ್ದುತ್ತಿದ್ದಳು. “ಮನ್ಯಾಗೂ ಹಿಂಗ ಕೇಳೇ ಕಸಾ ಹೊಡೀತೀರೇನ್ರಿ?” ಎಂದು ತಿರುಗದೆಯೇ ನಕ್ಕಳು.

ಅದನ್ನೇ ಒಪ್ಪಿಗೆಯೆಂದು ತಿಳಿದ ಮೌನೇಶ, ಸೊಟ್ಟ ಗುರುತು ಉಳಿದ ಸಾಲನ್ನೆಲ್ಲ ಅಳಿಸು ಎಂದು ಆಜ್ಞೆ ಕೊಟ್ಟ. ನಕಲು ಇಡದೆ, ಪೆನ್‌ಡ್ರೈವಿನಲ್ಲಿದ್ದ ನನ್ನ ಮೇಲೆಯೇ. ಹಳೆಯ ಸಿಡಿ ಗೀರು ಬಿದ್ದು ಎಂದೋ ತಿಪ್ಪೆ ಸೇರಿತ್ತು. ನಾನು ಹಗುರಾದೆ. ಬೇಡ ಎನ್ನಲು ನನಗೆ ಬಾಯಿಲ್ಲ.

ಮರುವಾರ ಫಕೀರವ್ವ ಬಂದಳು. ಕೂರುವ ಮೊದಲೇ, “ನಮ್ಮ ನೀಲಿದು ಓದು” ಎಂದಳು. ಅಂಬಕ್ಕ ಕೊನೆಯ ತನಕ ಹುಡುಕಿದಳು. ಆಗ ಆ ಪಕ್ಕದ ಕಂಪ್ಯೂಟರ್ ನೆನಪಾಯಿತು. ಫೋನ್ ಮಾಡಿದರೆ ಮೌನೇಶ, ಕಸವೆಂದು ಅಳಿಸಿದ್ದು ಅದನ್ನೇ ಎಂದ.

“ಯಮ್ಮಾ, ತಪ್ಪಾತು. ಇನ್ನೊಮ್ಮೆ ಹಾಡ್ತೀಯೇನ?”

ಎರಡು ಸಾಲು ಬಂದವು. ಮೂರನೆಯದಕ್ಕೆ ಮುದುಕಿ ನಿಂತಳು. ಮತ್ತೆ ಮೊದಲಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಳು.

“ನಿನ್ ಹಂತ್ಯಾಕ ಬರದಿಟ್ಟೈತಲ್ಲಾ ಅಂತ ಮರತೆ ಯವ್ವಾ.”

ಪುಸ್ತಕ ಬಂದು ಎಷ್ಟೋ ದಿನವಾಯಿತು. ನಾನೀಗ ಯಾರೂ ತೆರೆಯದ ಫೋಲ್ಡರಿನಲ್ಲಿದ್ದೇನೆ. ಆ ಎರಡು ಸಾಲಿನ ಕೆಳಗೆ ಅಂಬಕ್ಕ ಹನ್ನೆರಡು ಸಾಲು ಖಾಲಿ ಬಿಟ್ಟಿದ್ದಾಳೆ. ಖಾಲಿ ಸಾಲಿಗೂ ಒಂದು ಅಂಕಿ ಇರುತ್ತದೆ. ಅದನ್ನೇ ಹನ್ನೆರಡು ಸಲ ಹೊತ್ತು ಕೂತಿದ್ದೇನೆ.