ಸಂಘದವರು ಒತ್ತಿದ ಲೈಕು

ನನ್ನ ಮಗಳು ಶಾಂತಲಾ ಒಂಬತ್ತನೇ ತರಗತಿ. ಪೆನ್ಸಿಲಿನಲ್ಲಿ ಮುಖಗಳನ್ನು ಚೆನ್ನಾಗಿ ಬರೆಯುತ್ತಾಳೆ. ಬರೆದದ್ದನ್ನೆಲ್ಲ ಫೋನಿನಲ್ಲಿ ಹಾಕತೊಡಗಿದ ಮೇಲೆ ಅವಳ ಮನಸ್ಸೇ ಬೇರೆಯಾಯಿತು. ಲೈಕು ಬಂದರೆ ಹಾಡುತ್ತಾಳೆ, ಬಾರದಿದ್ದರೆ ಊಟ ಬಿಡುತ್ತಾಳೆ.

ಒಂದು ಸಂಜೆ ಐದೇ ಲೈಕು. "ನಾನು ಯಾರ್ಗೂ ಬೇಡ ಕಣಮ್ಮ" ಎಂದು ಅತ್ತಳು. ಮರುದಿನ ಪುಟ್ಟೇನಹಳ್ಳಿಯ ನಮ್ಮ ಮಹಿಳಾ ಸಂಘದಲ್ಲಿ ಗುಟ್ಟಾಗಿ ಕೇಳಿಕೊಂಡೆ. ಹದಿನೆಂಟು ಜನ ಲೈಕು ಒತ್ತಿದರು. ಹಿರಿಯರಾದ ಗಂಗರತ್ನಮ್ಮ, "ಸರ್ಯಾಗಿ ಬಿತ್ತಾ? ಇನ್ನೊಂದ್ಸಲ ಒತ್ತೀನಿ ತಾಳವ್ವ" ಎಂದು ಮತ್ತೆ ಒತ್ತಿ, ಬಿದ್ದಿದ್ದನ್ನೂ ಅಳಿಸಿಬಿಟ್ಟರು!

ಶಾಂತಲಾ ಕುಣಿದಾಡಿದಳು. ಎರಡೇ ದಿನ. ಮುಂದಿನ ಚಿತ್ರಕ್ಕೆ ಮತ್ತೆ ಐದು. "ಇನ್ಮೇಲೆ ಬರೆಯೋದೇ ಇಲ್ಲ" ಎಂದು ಚಿತ್ರದ ಪುಸ್ತಕವನ್ನು ಅಟ್ಟಕ್ಕೆ ಎಸೆದಳು.

ಆಶಾ ಕಾರ್ಯಕರ್ತೆ ಅಸ್ಮಾ ಮನೆಗೆ ಬಂದಾಗ ಎಲ್ಲ ಹೇಳಿದೆ.

"ಮಗು ಖುಷಿಯಾಗ್ಲಿ ಅಂತ ಒತ್ತಿಸ್ದೆ. ಏನ್ ತಪ್ಪು ಅಸ್ಮಾ?"

"ಅಕ್ಕಾ, ಹಸಿದ ಮಗುಗೆ ಚಾಕ್ಲೇಟ್ ಕೊಟ್ಟಂಗಾಯ್ತು."

"ಹಂಗಾದ್ರೆ ಫೋನ್ ಕಿತ್ಕೊಂಡ್ಬಿಡ್ಲಾ?"

"ಬೇಡಿ! ಕದ್ದು ನೋಡ್ತಾಳೆ ಅಷ್ಟೆ. ಮೊದ್ಲು ಮಾತಾಡ್ಸಿ. ಊಟದ ಹೊತ್ತಲ್ಲಿ, ಮಲಗೋ ಹೊತ್ತಲ್ಲಿ ಎಲ್ರ ಫೋನೂ ನಡುಮನೇಲೇ ಇರ್ಲಿ. ನಿಮ್ದೂ!"

"ನಂದೂನಾ? ನನ್ ಅಡುಗೆ ವಿಡಿಯೋ…"

"ಅದೂನೂ ಅಕ್ಕಾ."

ಸಂಜೆ ಸೊಪ್ಪು ಬಿಡಿಸುತ್ತಾ ಮಗಳಿಗೆ ನಿಜ ಹೇಳಿದೆ. ಮುಖ ಕೆಂಪಗೆ ಮಾಡಿಕೊಂಡಳು. ಆಮೇಲೆ, "ಗಂಗರತ್ನಜ್ಜೀನೂ ಒತ್ತಿದ್ರಾ?" ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಭಾನುವಾರ ಗಂಗರತ್ನಮ್ಮನವರನ್ನು ನಾನೇ ಮನೆಗೆ ಕರೆದೆ. ಅವರು ಜಗಲಿ ಮೇಲೆ ಕುಳಿತರು. "ಆ ಒತ್ತೋದು ನಂಗ್ ಬರಾಕಿಲ್ಲ ಕಣವ್ವ. ಇಂಗ್ ಕೂತ್ಕೊತೀನಿ, ನನ್ ಮಖ ಬರಿ."

ಶಾಂತಲಾ ಅಟ್ಟದಿಂದ ಪುಸ್ತಕ ಇಳಿಸಿದಳು. ಒಂದು ಗಂಟೆ ಬರೆದಳು. ಫೋನಿನ ನೆನಪೇ ಆಗಲಿಲ್ಲ.

"ಇಷ್ಟೊಂದ್ ಸುಕ್ಕೈತಾ ನಂಗೆ? ಅಳ್ಸು!"

"ಅಳ್ಸಲ್ಲ ಅಜ್ಜಿ. ಸುಕ್ಕೇ ಚೆಂದ."

ಈಗಲೂ ಅವಳು ಲೈಕು ನೋಡುತ್ತಾಳೆ. ಆದರೆ ಊಟ ಬಿಡುವುದಿಲ್ಲ. ಅಡುಗೆ ವಿಡಿಯೋ ಬಿಡುವುದು ನನಗೇ ಕಷ್ಟವಾಗಿದೆ!

ಅಮ್ಮಂದಿರೇ, ಅಪ್ಪಂದಿರೇ, ಇವತ್ತೇ ಮಗುವಿನ ಪಕ್ಕ ಕುಳಿತು ಮಾತಾಡಿಸಿ. ಬೈಯದೆ ಕೇಳಿಸಿಕೊಳ್ಳಿ. ಊಟ, ನಿದ್ದೆ ಕೆಟ್ಟು ಎರಡು ವಾರವಾದರೂ ಮಗು ಮಂಕಾಗಿಯೇ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಮಗು ಏನಾದರೂ ಬರೆದು ತಂದಾಗ ಒದ್ದೆ ಕೈ ಸೆರಗಿಗೋ ಟವೆಲ್ಲಿಗೋ ಒರೆಸಿಕೊಳ್ಳಿ, ಹಾಳೆಯನ್ನು ಹಿಡಿದು ಒಮ್ಮೆ ಕಣ್ತುಂಬ ನೋಡಿ.