ಎರಡನೆಯ ಮಾತ್ರೆ

ಮೊದಲನೆಯ ಮಾತ್ರೆ ನಾಯಿಯ ಹೊಟ್ಟೆಗೆ ಹೋಯಿತೋ ಕಾರಿನ ಸೀಟಿನ ಸಂದಿಗೆ ಬಿತ್ತೋ ಡ್ರೈವರಿಗೆ ಗೊತ್ತಾಗಲಿಲ್ಲ. ಬ್ರೆಡ್ಡಿನ ತುಂಡಿನೊಳಗೆ ಅದುಮಿ ಕೊಟ್ಟಿದ್ದ. ನಾಯಿ ಬ್ರೆಡ್ಡನ್ನು ಗುಳುಂ ಮಾಡಿ, ಬಾಯಿ ಚಪ್ಪರಿಸಿ, ತಲೆ ಕೊಡವಿತು. ಏನೋ ಬಿಳಿಯದು ಹಾರಿದಂತಾಯಿತು. ಅವನು ಸೀಟಿನ ಕೆಳಗೆ ಕೈಯಾಡಿಸಿದ, ಮ್ಯಾಟು ಎತ್ತಿ ಕೊಡವಿದ, ಮೊಬೈಲಿನ ಬೆಳಕು ಬಿಟ್ಟು ನೋಡಿದ. ಸಿಕ್ಕಿದ್ದು ಒಂದು ಪೆನ್ನಿನ ಮುಚ್ಚಳ, ಹಿಡಿಯಷ್ಟು ಕೂದಲು. ಅಷ್ಟರಲ್ಲಿ ಅಮ್ಮನವರ ಫೋನು ಬಂತು.

"ಕೊಟ್ರಾ?"

"ಕೊಟ್ಟೆ ಅಮ್ಮ."

"ಮಲಗಿಕೊಂಡೇ ಬರ್ಲಿ ಅದು. ವಿಮಾನ ಬಾಡಿಗೇದು, ಸೀಟೆಲ್ಲ ಬಿಳಿ ಚರ್ಮದ್ದಂತೆ. ಗೀಚ್ತು, ಗಲೀಜು ಮಾಡ್ತು ಅಂತ ನಾನು ಯಾರ ಹತ್ರಾನೂ ಮಾತು ಕೇಳೋಕೆ ತಯಾರಿಲ್ಲ. ಮತ್ತೆ, ಮಾತ್ರೆ ವಿಷಯ ಅಲ್ಲಿ ಬಾಯಿ ಬಿಡಬೇಡಿ. ಸುಮ್ನೆ ರಗಳೆ ತೆಗೀತಾರೆ."

ಫೋನು ಇಟ್ಟ ಮೇಲೆ ನೋಡಿದರೆ ನಾಯಿ ಕಿಟಕಿಗೆ ಮುಂಗಾಲು ಕೊಟ್ಟು ನಿಂತು ಹೊರಗೆ ಹೋಗುವವರನ್ನೆಲ್ಲ ಮಾತಾಡಿಸುತ್ತಿತ್ತು. ಜೊಲ್ಲು ಗಾಜಿನ ಮೇಲೆ ಇಳಿಯುತ್ತಿತ್ತು. ಇದು ಮಾತ್ರೆ ನುಂಗಿದ ನಾಯಿಯ ಲಕ್ಷಣವಲ್ಲ ಎಂದುಕೊಂಡ. ಇನ್ನೊಂದು ಮಾತ್ರೆ ತೆಗೆದ. ಈ ಸಲ ಬ್ರೆಡ್ಡಿನ ನೆಚ್ಚಿಕೆ ಬೇಡವೆಂದು ನೇರವಾಗಿ ನಾಲಿಗೆಯ ಬುಡಕ್ಕಿಟ್ಟು, ದವಡೆ ಒತ್ತಿ ಹಿಡಿದು, ಗಂಟಲು ಸವರಿದ. ಗುಟುಕು ಕೆಳಗಿಳಿದದ್ದು ಬೆರಳಿಗೇ ತಿಳಿಯಿತು.

ಆ ಮನೆಯ ಕಾರು ಓಡಿಸಲು ಹಿಡಿದು ಅವನಿಗೆ ಹತ್ತೊಂಬತ್ತು ವರ್ಷ. ಯಜಮಾನರಿಗೆ ಬೇರೆ ದೇಶದಲ್ಲಿ ದೊಡ್ಡ ಹುದ್ದೆ ಸಿಕ್ಕಿ, ಎರಡು ತಿಂಗಳ ಹಿಂದೆ ಅಮ್ಮನವರೂ ಅವರೂ ಹೊರಟುಹೋಗಿದ್ದರು. ನಾಯಿಯ ಕಾಗದಪತ್ರ ತಯಾರಾಗಿರಲಿಲ್ಲ, ಅದು ಇಲ್ಲೇ ಉಳಿಯಿತು. ಕಾಗದ ಬಂದಮೇಲೆ ಸಾಮಾನ್ಯ ವಿಮಾನದವರು ಒಪ್ಪಲಿಲ್ಲ. ಮೂಗು ಚಪ್ಪಟೆಯಿರುವ ಜಾತಿ, ಮೊದಲೇ ಉಸಿರಾಟ ಕಷ್ಟ, ಸಾಮಾನಿನ ಜೊತೆ ಹಾಕಿದರೆ ಬದುಕುವ ಖಾತ್ರಿಯಿಲ್ಲ ಅಂದರು. ಹಾಗಾಗಿ ಈ ಪುಟ್ಟ ವಿಮಾನ. ಇಡೀ ವಿಮಾನಕ್ಕೆ ಒಂದು ನಾಯಿ, ಒಬ್ಬ ಡ್ರೈವರು. ಒಪ್ಪಿಸಿ ಅದೇ ವಿಮಾನದಲ್ಲಿ ವಾಪಸು ಬರಬೇಕು. ಬಂದಮೇಲೆ ಯಜಮಾನರ ಸ್ನೇಹಿತರ ಕಾರ್ಖಾನೆಯಲ್ಲಿ ಕೆಲಸ ಕೊಡಿಸುವ ಮಾತಾಗಿತ್ತು.

ಕಾಗದದಲ್ಲಿ ನಾಯಿಗೆ ರಾಜಮನೆತನದ್ದೇನೋ ಉದ್ದನೆಯ ಹೆಸರಿತ್ತು. ಡ್ರೈವರಿಗೆ ಅದು ಮೂಟೆ. ಮರಿಯಾಗಿದ್ದಾಗ ಇಟ್ಟಲ್ಲೇ ಬಿದ್ದುಕೊಂಡಿರುತ್ತಿತ್ತೆಂದು ಆ ಹೆಸರು. ಎರಡು ತಿಂಗಳು ಖಾಲಿ ಮನೆಯ ಗ್ಯಾರೇಜಿನ ಕೋಣೆಯಲ್ಲಿ ಅವರಿಬ್ಬರೇ ಇದ್ದರು; ಅವನ ಹೆಂಡತಿ ಊರಲ್ಲಿದ್ದಳು.

ನಿಲ್ದಾಣದ ಹಿಂಭಾಗದ ಚಿಕ್ಕ ಕಟ್ಟಡದಲ್ಲಿ ಗುಮಾಸ್ತೆಯೊಬ್ಬಳು ಮೂಟೆಯ ಕತ್ತಿನ ಚರ್ಮದೊಳಗಿದ್ದ ಗುರುತಿನ ಚಿಪ್ಪಿಗೆ ಯಂತ್ರ ಹಿಡಿದು ನಂಬರು ಓದಿದಳು. ಆಮೇಲೆ ಒಂದು ನಮೂನೆ ಮುಂದೆ ತಳ್ಳಿದಳು. ಆರನೆಯ ಪ್ರಶ್ನೆ: ಪ್ರಾಣಿಗೆ ನಿದ್ದೆ ಬರಿಸುವ ಔಷಧ ಕೊಡಲಾಗಿದೆಯೇ? ಪೆನ್ನು ಒಂದು ಕ್ಷಣ ಅಲ್ಲೇ ನಿಂತಿತು. 'ಇಲ್ಲ' ಎಂಬುದರ ಮುಂದೆ ಗುರುತು ಹಾಕಿ ಸಹಿ ಮಾಡಿದ.

ವಿಮಾನ ಏರುವ ಮೆಟ್ಟಿಲಲ್ಲೇ ಮೂಟೆಯ ಹಿಂಗಾಲು ತೊಡರಿತು. ಒಳಗೆ ಹಾಸಿದ್ದ ಕಂಬಳಿಯ ಮೇಲೆ ಕುಸಿದು ಕಣ್ಣು ಮುಚ್ಚಿತು. ಗಗನಸಖಿ, ಇಪ್ಪತ್ತೈದು ದಾಟಿರದ ಹುಡುಗಿ, ಬಗ್ಗಿ ನೋಡಿ ನಕ್ಕಳು.

"ಎಷ್ಟು ಸಾಧು ಅಂಕಲ್ ಇದು. ಹೋದ ವಾರ ಒಂದು ಬೆಕ್ಕು ಬಂದಿತ್ತು, ಪರದೆ ಹರಿದು ಚಿಂದಿ ಮಾಡ್ತು."

"ಹೌದಮ್ಮ, ಸಾಧು," ಎಂದ.

ವಿಮಾನ ಮೇಲೇರಿತು. ಜೀವನದಲ್ಲಿ ಮೊದಲ ಸಲ ಹಾರುತ್ತಿದ್ದರೂ ಅವನು ಕಿಟಕಿಯ ಕಡೆ ನೋಡಲಿಲ್ಲ. ಬೆಲ್ಟಿನ ದೀಪ ಆರಿದ ಕೂಡಲೇ ಎದ್ದು ಮೂಟೆಯ ಪಕ್ಕೆಯ ಮೇಲೆ ಕೈಯಿಟ್ಟ. ಕೈಗಡಿಯಾರ ನೋಡುತ್ತ ಎಣಿಸಿದ. ನಿಮಿಷಕ್ಕೆ ಇಪ್ಪತ್ತೆರಡು ಉಸಿರು. ವಾಪಸು ಕೂತ. ಕೂರಲಾಗಲಿಲ್ಲ. ಚಪ್ಪಲಿ ಬಿಟ್ಟ, ಹಾಕಿಕೊಂಡ. ಶೌಚಾಲಯಕ್ಕೆ ಹೋಗಿ, ಕೆಲಸವಿಲ್ಲದೆ ಕೈ ತೊಳೆದು ಬಂದ. ಮತ್ತೆ ಎಣಿಸಿದರೆ ಹದಿನೇಳು.

ಗಗನಸಖಿ ತಂದುಕೊಟ್ಟ ಕಾಫಿ ಮುಟ್ಟದೆ ಕೆನೆಗಟ್ಟಿತು. ಅವನು ಮನಸ್ಸಿನಲ್ಲೇ ಮತ್ತೆ ಮತ್ತೆ ಕಾರಿನೊಳಗೆ ಹೋಗುತ್ತಿದ್ದ. ಹಾರಿದ್ದು ಮಾತ್ರೆಯೋ ಬ್ರೆಡ್ಡಿನ ಚೂರೋ? ಮಾತ್ರೆಯಾಗಿದ್ದರೆ ಮ್ಯಾಟಿನ ಮೇಲೆ ಇರಬೇಕಿತ್ತಲ್ಲ. ಇರಲಿಲ್ಲವೆಂದರೆ ಎರಡೂ ಹೊಟ್ಟೆಯಲ್ಲಿವೆ. ಮೂಟೆ ಗುಡುಗಿಗೆ ಹೆದರಿದಾಗ ಡಾಕ್ಟರು ಕೊಡಿಸುತ್ತಿದ್ದದ್ದು ಇದರಲ್ಲಿ ಅರ್ಧ ಮಾತ್ರೆ ಎಂಬುದು ಆಗ ನೆನಪಾಯಿತು.

ಹನ್ನೊಂದು ಉಸಿರು. ಮೂಟೆಯ ತುಟಿ ಎತ್ತಿ ನೋಡಿದ. ಯಾವಾಗಲೂ ಗುಲಾಬಿಯಾಗಿರುತ್ತಿದ್ದ ವಸಡು ನೇರಳೆಗೆ ತಿರುಗಿತ್ತು.

"ಏನಾಯ್ತು ಅಂಕಲ್? ಆಗಲಿಂದ ನೋಡ್ತಿದೀನಿ, ಒಂದು ಕಡೆ ಕೂರ್ತಾನೇ ಇಲ್ಲ ನೀವು. ಭಯ ಆಗ್ತಿದೆಯಾ?"

"ನನಗೇನಿಲ್ಲಮ್ಮ."

"ಮತ್ತೆ?"

ಅವನು ಬಾಯಿ ತೆರೆದ. ಅಮ್ಮನವರ ದನಿ ಕಿವಿಯಲ್ಲಿತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಮನೆಯ ಒಂದು ಮಾತನ್ನೂ ಹೊರಗೆ ಆಡಿದವನಲ್ಲ. ಆಡದೆ ಇದ್ದದ್ದಕ್ಕೇ ಅಷ್ಟು ವರ್ಷ ಉಳಿದಿದ್ದ. ಆರನೆಯ ಪ್ರಶ್ನೆಯ ಕೆಳಗೆ ತನ್ನ ಸಹಿಯಿದೆ. ಏನಾದರೂ ಆದರೆ ಅದು ತನ್ನ ತಲೆಗೇ. ಮೂಟೆ ಒಂದು ಉಸಿರು ಎಳೆಯಿತು. ಮುಂದಿನದಕ್ಕೆ ಕಾದ. ಬರಲಿಲ್ಲ. ಇನ್ನೂ ಬರಲಿಲ್ಲ. ಆಮೇಲೆ ಗೊರಕೆಯಂತೆ ಎಲ್ಲಿಂದಲೋ ಬಂತು.

"ಮಾತ್ರೆ ಕೊಟ್ಟಿದೀನಮ್ಮ," ಎಂದ. "ನಿದ್ದೆ ಮಾತ್ರೆ. ಎರಡು ಕೊಟ್ಟಿರಬೇಕು. ಕಾಗದದಲ್ಲಿ ಸುಳ್ಳು ಬರೆದೆ."

ಹುಡುಗಿಯ ಮುಖದ ನಗು ಹೋಯಿತು. ಬೈಯಲಿಲ್ಲ. "ಮಾತ್ರೆ ಹೆಸರು?" ಎಂದಳು. ಅವನು ಜೇಬಿನಿಂದ ಮಾತ್ರೆಯ ಹಾಳೆ ತೆಗೆದುಕೊಟ್ಟ. ಅವಳು ಪೈಲಟ್ಟುಗಳ ಕೋಣೆಗೆ ಓಡಿದಳು.

ಕ್ಯಾಪ್ಟನ್ ಹಾರಿಸುವ ಕೆಲಸ ಜೊತೆಯವನಿಗೆ ಒಪ್ಪಿಸಿ ಬಂದರು. ಮಂಡಿಯೂರಿ ಮೂಟೆಯನ್ನು ನೋಡಿದರು, ಅವನನ್ನು ನೋಡಿದರು. ವಿಮಾನದ ಫೋನಿನಲ್ಲಿ ಪಶುವೈದ್ಯರೊಬ್ಬರನ್ನು ಹಿಡಿದು ಸ್ಪೀಕರಿಗೆ ಹಾಕಿದರು.

"ತೂಕ ಎಷ್ಟು?" ವೈದ್ಯರು ಕೇಳಿದರು.

"ಇಪ್ಪತ್ತಾರು ಕಿಲೋ ಸಾರ್."

"ಚಪ್ಪಟೆ ಮೂಗಿನದಕ್ಕೆ ಇದನ್ನ ವಿಮಾನದಲ್ಲಿ ಯಾರ್ರೀ ಕೊಡ್ತಾರೆ? ಇರಲಿ, ಕತ್ತು ನೇರ ಮಾಡಿ. ನಾಲಿಗೆ ಹೊರಗೆಳೆದು ಹಿಡ್ಕೊಳಿ, ಒಳಗೆ ಬೀಳಬಾರದು. ಆಮ್ಲಜನಕ ಇದ್ರೆ ಕೊಡಿ. ಕಾಲ್ಬೆರಳ ಮಧ್ಯೆ ಚಿವುಟ್ತಾ ಇರಿ. ಪೂರ್ತಿ ನಿದ್ದೆಗೆ ಬಿಡಬೇಡಿ."

"ಇನ್ನೂ ಮೂರು ಗಂಟೆ ದಾರಿ ಇದೆ," ಎಂದರು ಕ್ಯಾಪ್ಟನ್.

"ಅಷ್ಟು ಹೊತ್ತು ಆಗೋ ಮಾತಲ್ಲ."

ಕ್ಯಾಪ್ಟನ್ ಎದ್ದರು. "ಕೆಳಗೆ ಹಾರಿಸ್ತೀನಿ, ಗಾಳಿ ಸ್ವಲ್ಪ ದಟ್ಟವಾಗಿರುತ್ತೆ. ನಲವತ್ತು ನಿಮಿಷದಲ್ಲಿ ಒಂದು ಸಣ್ಣ ನಿಲ್ದಾಣ ಇದೆ, ಅಲ್ಲಿ ಇಳಿಯೋಣ. ಅಲ್ಲೀವರೆಗೂ ನಿಮ್ಮಿಬ್ಬರ ಕೈಲಿದೆ."

ಆ ನಲವತ್ತು ನಿಮಿಷ ಅವನು ನೆಲದ ಮೇಲೆ ಮೂಟೆಯ ತಲೆಯನ್ನು ತೊಡೆಗೇರಿಸಿ ಕೂತಿದ್ದ. ನಾಲಿಗೆ ಬೆರಳಿನಿಂದ ಜಾರುತ್ತಿತ್ತು. ಕರವಸ್ತ್ರ ಸುತ್ತಿ ಹಿಡಿದ. ಹುಡುಗಿ ಆಮ್ಲಜನಕದ ಮುಖವಾಡವನ್ನು ಆ ಅಗಲ ಮೂತಿಗೆ ಎಲ್ಲಿ ಕೂರಿಸಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ನಾಯಿ ಅಂದ್ರೆ ನಂಗೆ ಆಗಲ್ಲ ಅಂಕಲ್," ಎಂದಳು. "ಚಿಕ್ಕವಳಿದ್ದಾಗ ಕಚ್ಚಿತ್ತು. ಕಂಪನಿಗೆ ಹೇಳಿಲ್ಲ."

"ಇದು ಕಚ್ಚಲ್ಲಮ್ಮ. ಹಲ್ಲು ನಾಲ್ಕೇ ಇರೋದು."

"ಏನಾದ್ರೂ ಮಾತಾಡಿ ಅದರ ಜೊತೆ. ಮಲಗಬಾರದು ಅಂದ್ರಲ್ಲ."

ಅವನು ಮಾತಾಡಿದ. ಏನು ಹೇಳುವುದೆಂದು ತೋಚದೆ ಕಾರಿನ ದಾರಿ ಹೇಳತೊಡಗಿದ. ಗೇಟಿನಿಂದ ಎಡಕ್ಕೆ, ಔಷಧಿ ಅಂಗಡಿ, ಸಿಗ್ನಲ್ಲು, ಸಿಗ್ನಲ್ಲಿನಲ್ಲಿ ನೀನು ಬೊಗಳುವ ಆ ಬಿಳಿ ವ್ಯಾನು, ಬಲಕ್ಕೆ, ಶಾಲೆ, ಪಾರ್ಕು, ಇಳಿ ಮೂಟೆ, ಇಳಿ. ಕಾಲ್ಬೆರಳು ಚಿವುಟಿದಾಗಲೆಲ್ಲ ಕಾಲು ಒಂದಿಷ್ಟು ಅದುರುತ್ತಿತ್ತು. ಒಮ್ಮೆ ಅದುರಲಿಲ್ಲ. ಅವನು ಉಗುರು ಊರಿ ಚಿವುಟಿದ. ಅದುರಿತು.

ಸಣ್ಣ ನಿಲ್ದಾಣದಲ್ಲಿ ನಾಯಿಯನ್ನು ಕೆಳಗಿಳಿಸಲು ಆ ದೇಶದ ಪರವಾನಗಿ ಇರಲಿಲ್ಲ. ಹೀಗಾಗಿ ಕ್ಯಾಪ್ಟನ್ ಮೊದಲೇ ಹೇಳಿ ಕರೆಸಿದ್ದ ಅಲ್ಲಿನ ಪಶುವೈದ್ಯೆಯೇ ಚೀಲ ಹಿಡಿದು ಮೆಟ್ಟಿಲೇರಿ ಬಂದಳು. ಬಿಳಿ ಸೀಟುಗಳ ಮಧ್ಯೆ ಮೊಣಕಾಲೂರಿ ಮುಂಗಾಲಿನ ಕೂದಲು ಬೋಳಿಸಿ, ಸೂಜಿ ಚುಚ್ಚಿ, ಬಾಟಲಿ ತೂಗುಹಾಕಿದಳು. ಅರ್ಧ ಗಂಟೆ ಕಳೆಯಿತು. ಆಮೇಲೆ ಮೂಟೆ ಒಂದು ಕಣ್ಣು ತೆರೆದು, ಅಲ್ಲೇ ವಾಂತಿ ಮಾಡಿಕೊಂಡಿತು.

"ಒಳ್ಳೇದು," ಎಂದಳು ವೈದ್ಯೆ. "ಇನ್ನು ಭಯ ಇಲ್ಲ. ಎರಡು ಗಂಟೆ ಬಿಟ್ಟು ಹೊರಡಿ."

ಆ ಎರಡು ಗಂಟೆಯಲ್ಲಿ ಕ್ಯಾಪ್ಟನ್ ಬಿಳಿ ಹಾಳೆ ತಂದು ಅವನ ಮುಂದಿಟ್ಟರು. "ಇಳಿದದ್ದು ಯಾಕೆ ಅಂತ ನಾನು ವರದಿ ಕೊಡಬೇಕು. ನಡೆದದ್ದು ನೀವೇ ಬರೀರಿ."

ಬರೆಯುವ ಮೊದಲು ಅವನು ಅಮ್ಮನವರಿಗೆ ಫೋನು ಮಾಡಿದ. ನಡೆದದ್ದನ್ನು ಹೇಳಿದ.

"ಬದುಕುತ್ತಾ?"

"ಬದುಕುತ್ತೆ ಅಮ್ಮ."

"ಸರಿ. ನೋಡಿ, ನೀವೇ ಗೊತ್ತಿಲ್ಲದೆ ಕೊಟ್ರಿ ಅಂತ ಬರೆದುಬಿಡಿ. ಉಳಿದದ್ದು ಸಾಹೇಬ್ರು ನೋಡ್ಕೋತಾರೆ. ನಿಮ್ಮ ಕಾರ್ಖಾನೆ ಕೆಲಸಕ್ಕೇನೂ ತೊಂದ್ರೆ ಆಗಲ್ಲ."

ಅವನು ವಿಮಾನದ ಉದ್ದಕ್ಕೆ ನಾಲ್ಕು ಸಲ ಓಡಾಡಿದ. ಉದ್ದವೆಂದರೆ ಹನ್ನೆರಡು ಹೆಜ್ಜೆ. ನಂತರ ಕೂತು ಬರೆದ. ಅಮ್ಮನವರು ಒಂದು ಕೊಡಲು ಹೇಳಿದರು, ನಾನು ಎರಡು ಕೊಟ್ಟೆ, ಕೇಳಿದಾಗ ಇಲ್ಲವೆಂದು ಸಹಿ ಹಾಕಿದೆ. ಮೂರೇ ಸಾಲು. ಕ್ಯಾಪ್ಟನ್ ಓದಿ, ಮಡಿಚಿ ಜೇಬಿಗಿಟ್ಟುಕೊಂಡರು.

ಇಳಿಯುವ ಹೊತ್ತಿಗೆ ಸಂಜೆಯಾಗಿತ್ತು. ಯಜಮಾನರೂ ಅಮ್ಮನವರೂ ಮೆಟ್ಟಿಲ ಬುಡಕ್ಕೇ ಬಂದಿದ್ದರು. ಮೂಟೆ ತೂರಾಡುತ್ತ ನಾಲ್ಕು ಹೆಜ್ಜೆ ಹಾಕಿ ಅಮ್ಮನವರ ಕಾಲ ಮೇಲೆ ಬಿತ್ತು. ಅವರು ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ನೆಲಕ್ಕೆ ಕೂತು ಅದನ್ನು ಅಪ್ಪಿಕೊಂಡು ಅತ್ತರು. ಅಳು ನಿಜದ್ದೇ ಆಗಿತ್ತು. ಅದನ್ನು ನೋಡಿ ಅವನಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ.

ಕ್ಯಾಪ್ಟನ್ ಯಜಮಾನರಿಗೆ ಹಾಳೆ ತೋರಿಸಿದರು. ಯಜಮಾನರು ಓದಿ ಹೆಂಡತಿಯ ಕೈಗೆ ಕೊಟ್ಟು ದೂರ ನಡೆದರು.

"ನನ್ನ ಹೆಸರು ಯಾಕೆ ಹಾಕಿದ್ರಿ?" ಅಮ್ಮನವರು ಮೆಲ್ಲಗೆ ಕೇಳಿದರು.

"ನನ್ನದೂ ಹಾಕಿದೀನಿ ಅಮ್ಮ."

ಅವರು ಹಾಳೆಯನ್ನು ಕ್ಯಾಪ್ಟನ್ ಕೈಗೆ ವಾಪಸು ಕೊಟ್ಟರು. ಕಾರಿನ ಬಾಗಿಲು ತೆರೆದಾಗ ಮೂಟೆ ಅಭ್ಯಾಸದಂತೆ ಡ್ರೈವರನ ಪಕ್ಕದ ಸೀಟಿಗೆ ಹತ್ತಲು ನೋಡಿತು. ಅಲ್ಲಿದ್ದವನು ಬೇರೆ ಡ್ರೈವರು. ಹಿಂದಿನ ಸೀಟಿಗೆ ಎತ್ತಿ ಹಾಕಿದರು. ಕಾರು ಹೊರಟಿತು.

ಅವನು ಊರಿಗೆ ಮರಳಿದ ಮೇಲೆ ಕಾರ್ಖಾನೆಯಿಂದ ಕಾಗದ ಬರಲಿಲ್ಲ. ಮೂರು ವಾರವಾದ ಮೇಲೆ ಯಜಮಾನರೇ ಫೋನು ಮಾಡಿ, ನಾಯಿ ಚೆನ್ನಾಗಿ ತಿನ್ನುತ್ತಿದೆ, ಕೆಲಸದ ವಿಷಯ ನೋಡೋಣ ಎಂದರು. ಆ 'ನೋಡೋಣ'ದ ಅರ್ಥ ಅವನಿಗೆ ಗೊತ್ತಿತ್ತು. ಮನೆ ಬದಲಿಸುವವರ ಸಾಮಾನು ಸಾಗಿಸುವ ಲಾರಿಯೊಂದಕ್ಕೆ ಸೇರಿಕೊಂಡ. ಬೀರು, ಮಂಚ, ಕನ್ನಡಿ. ಯಾವುದಕ್ಕೂ ಉಸಿರಿಲ್ಲ ಎಂದು ಜೊತೆಯವರ ಹತ್ತಿರ ನಗುತ್ತಿದ್ದ.

ಒಂದು ಭಾನುವಾರ ಬಟ್ಟೆ ಒಣಹಾಕುತ್ತ ಹೆಂಡತಿ ಕೇಳಿದಳು. "ಅವತ್ತು ಬಾಯಿ ಮುಚ್ಕೊಂಡು ಕೂತಿದ್ರೆ ಆ ಕೆಲಸ ಸಿಕ್ತಿತ್ತು ಅಲ್ವಾ?"

"ಸಿಕ್ತಿತ್ತು."

"ಮತ್ತೆ?"

"ಕೂರೋಕೇ ಆಗ್ಲಿಲ್ಲ ಕಣೆ," ಎಂದ.

ಅವಳು ಅವನನ್ನೇ ಒಂದು ಗಳಿಗೆ ನೋಡಿದಳು. ಒದ್ದೆ ಚಾದರದ ಒಂದು ತುದಿ ಅವನ ಕೈಗೆ ಕೊಟ್ಟು, "ಹಿಂಡಿ, ಗಟ್ಟಿಯಾಗಿ," ಎಂದಳು.